ಮುಖ ಕಾಣುವ ತನಕ

ದೆವ್ವ, ಗಾಳಿ ಎಂದು ಮಾತು ತೆಗೆದವರ ಬಾಯಿ ಮುಚ್ಚಿಸುವುದೆಂದರೆ ನನಗೆ ಒಂದು ಕಾಲಕ್ಕೆ ಬಲು ಖುಷಿ. ಮದುವೆಯಾಗಿ ರಾಯದುರ್ಗಕ್ಕೆ ಬಂದ ಹೊಸದರಲ್ಲಿ, ದೃಷ್ಟಿಯಾಗದಿರಲೆಂದು ಅತ್ತೆ ನನ್ನ ಸ್ಕೂಟಿಗೆ ಕಟ್ಟಿದ್ದ ನಿಂಬೆಹಣ್ಣನ್ನು ಬಿಚ್ಚಿ ಚಿತ್ರಾನ್ನಕ್ಕೆ ಹಿಂಡಿದವಳು ನಾನು. ಅವರು ಆ ಚಿತ್ರಾನ್ನ ಮುಟ್ಟಲಿಲ್ಲ. ನಾನು ಇನ್ನೊಮ್ಮೆ ಬಡಿಸಿಕೊಂಡು ತಿಂದೆ. ಈಗ ಬರೆಯಹೊರಟಿರುವುದನ್ನು ಬೇರೆ ಯಾರಾದರೂ ನನ್ನೆದುರು ಹೇಳಿದ್ದರೆ ಅವರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಹಾಗಾಗಿ ಓದುವವರು ನನ್ನನ್ನು ಆಡಿಕೊಂಡರೆ ಬೇಜಾರಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಆಂಧ್ರದ ಗಡಿಯೊಳಗೆ, ಗುಮ್ಮಘಟ್ಟದ ಆಚೆ, ಗುಡ್ಡದ ಬುಡದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ನಾನು ಟೀಚರ್. ಮಕ್ಕಳು ಹೆಚ್ಚಿನವರು ಕುರಿ ಸಾಕುವವರ ಮನೆಯವರು. ಕೆಲವು ವರ್ಷಗಳ ಹಿಂದೆ ಶಾಲೆಗೆ ದೊಡ್ಡದೊಂದು ಟಿ.ವಿ. ಬಂತು. ಬಂದ ವಾರವೇ ಮಕ್ಕಳಿಗೆ ಒಂದು ಇಂಗ್ಲಿಷ್ ಸಿನಿಮಾ ಹಾಕಿದೆ. ದೋಣಿ ಮುಳುಗಿ ಅಪ್ಪ ಅಮ್ಮನಿಂದ ಬೇರೆಯಾದ ಮೂವರು ಮಕ್ಕಳು ದಟ್ಟ ಕಾಡಿನಲ್ಲಿ ಹಣ್ಣು ತಿಂದು, ಬೆಂಕಿ ಮಾಡಿಕೊಂಡು, ಕಡೆಗೆ ಮನೆ ಸೇರುವ ಕತೆ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವಂಥದ್ದು. ಕಿಟಕಿಗಳಿಗೆ ಕಂಬಳಿ ಕಟ್ಟಿ ಕೋಣೆಯನ್ನು ಕತ್ತಲು ಮಾಡಿದ್ದೆವು. ನಾನು ಟಿ.ವಿ. ಪಕ್ಕ ನಿಂತು, ಅಲ್ಲಿ ಯಾರು ಏನು ಅಂದರೂ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ.

"ಇಷ್ಟೊಂದು ನೀರೈತಲ್ರಿ ಮೇಡಂ, ಯಾಕ ಅಳ್ತಾರ ಅವ್ರು?" ಎಂದು ನಡುವೆ ಕೇಳಿದವಳು ಐದನೇ ಕ್ಲಾಸಿನ ರತ್ನ. ಒಂದನೇ ಕ್ಲಾಸಿನ ಅವಳ ತಮ್ಮ ಮಾರುತಿ ಅವಳ ತೊಡೆಯ ಮೇಲೇ ಕೂತಿದ್ದ. ನನಗೆ ನಗು ತಡೆಯಲಾಗಲಿಲ್ಲ.

ಅರ್ಧಕ್ಕೆ ಕರೆಂಟು ಹೋಯಿತು. ಅದೇ ಹೊತ್ತಿಗೆ ಮಂಡಲ ಆಫೀಸಿನಿಂದ ನನಗೆ ಫೋನು. ಒಳಗೆ ಸಿಗ್ನಲ್ ಸಿಗದ ಕಾರಣ ಅಂಗಳದ ಬೇವಿನ ಕಟ್ಟೆಗೆ ಹೋಗಿ, ಹೆಡ್ ಮಾಸ್ತರ ಪಕ್ಕ ಕೂತು, ಊಟದ ಮೊಟ್ಟೆ ಇನ್ನೂ ಬಂದಿಲ್ಲವೆಂದು ತೆಲುಗಿನಲ್ಲಿ ಜಗಳವಾಡಿದೆ. ಕರೆಂಟು ಬಂದ ಮೇಲೆ ಒಳಗೆ ಹೋಗಿ ಉಳಿದ ಸಿನಿಮಾ ಮುಗಿಸಿದೆ. ಮಕ್ಕಳು ಗದ್ದಲವಿಲ್ಲದೆ ಕೂತಿದ್ದರು. ಕತ್ತಲಲ್ಲಿ ಇಷ್ಟು ಹೊತ್ತು ಹೇಗೆ ಸುಮ್ಮನಿದ್ದಾವೆ ಎಂದು ಮೆಚ್ಚಿಕೊಂಡಿದ್ದೂ ನೆನಪಿದೆ.

ಅದಾಗಿ ಕೆಲವು ದಿನಗಳ ಮೇಲೆ, ಒಂದು ಭಾನುವಾರ, ನಾನು ರಾಯದುರ್ಗದ ಮನೆಯಲ್ಲಿದ್ದೆ. ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಹೆಡ್ ಮಾಸ್ತರು ಫೋನ್ ಮಾಡಿದರು. ರತ್ನ, ಮಾರುತಿ ಇಬ್ಬರೂ ತಾತನ ಜೊತೆ ಕುರಿ ಹಿಂದೆ ಗುಡ್ಡಕ್ಕೆ ಹೋಗಿದ್ದರಂತೆ. ಮಂದೆ ಬಿಟ್ಟು ಹೋದ ಒಂದು ಕುರಿಯನ್ನು ತಿರುಗಿಸಲು ಓಡಿದವರು ಮತ್ತೆ ಬಂದಿಲ್ಲವಂತೆ. ನಾನೂ ನನ್ನ ಯಜಮಾನರೂ ಸ್ಕೂಟಿಯಲ್ಲೇ ಹೊರಟೆವು.

ಊರಿಗೆ ಊರೇ ಗುಡ್ಡ ಹತ್ತಿತ್ತು. ಬಂಡೆ, ಜಾಲಿಮುಳ್ಳು, ನಡುನಡುವೆ ಸೀತಾಫಲದ ಪೊದೆ. ಹಗಲಲ್ಲೇ ದಾರಿ ತಪ್ಪುವ ಜಾಗ ಅದು. ಆ ರಾತ್ರಿ ಮಕ್ಕಳ ಹೆಸರು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಅವರ ತಾಯಿಯಂತೂ ಕೂಗುವುದು ಬಿಟ್ಟು ಬರೀ ಅಳುತ್ತಿದ್ದಳು. ಎಲ್ಲಿಂದಲೂ ಓಗೊಟ್ಟ ಒಂದು ದನಿಯಿಲ್ಲ. ಗುಡ್ಡದ ಆಚೆ ಬದಿಯಲ್ಲಿ ಹಳೆಯ ಕಲ್ಲು ಕ್ವಾರಿಯೊಂದಿದೆ, ಆಳ ಗೊತ್ತಿಲ್ಲದಷ್ಟು ನೀರು ನಿಂತ ಗುಂಡಿ. ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು, ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಸುತ್ತುದಾರಿಯಲ್ಲಿ ಅತ್ತ ಹೋಗಿದ್ದ ನಾಲ್ಕೈದು ಜನ ನೀರಿನಲ್ಲಿ ಏನೋ ತೇಲುತ್ತಿದೆ ಎಂದು ಬೆಳಗಿನ ಜಾವ ಫೋನ್ ಮಾಡಿದಾಗ, ರತ್ನಳ ಅಪ್ಪ ಇದ್ದಲ್ಲೇ ಕುಸಿದು ಕೂತ.

ಅದು ಮಂದೆ ಬಿಟ್ಟು ಹೋಗಿದ್ದ ಕುರಿ. ನಾವು ಅದನ್ನು ತಿಳಿಯುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಆಗ ನಾವು ನಿಂತಿದ್ದ ಜಾಗದ ತೀರ ಹತ್ತಿರ, ಚಾಚಿಕೊಂಡ ಒಂದು ಬಂಡೆಯ ಕೆಳಗಿಂದ, "ಅಪ್ಪಾ" ಎಂದು ಹುಡುಗಿಯ ದನಿ ಕೇಳಿತು. ರಾತ್ರಿ ಆ ಬಂಡೆಯನ್ನು ಬಳಸಿಕೊಂಡೇ ನಾವು ಹೋಗಿ ಬಂದು ಮಾಡಿದ್ದೆವು. ಮಾರುತಿ ಅಕ್ಕನ ಮಡಿಲಲ್ಲಿ ನಿದ್ದೆ ಹೋಗಿದ್ದ. ಅವಳ ಬಲಗೈ ಇನ್ನೂ ಅವನ ಬಾಯಿಯ ಮೇಲಿತ್ತು. ಬಿಡಿಸಿ ನೋಡಿದರೆ ಅಂಗೈ ತುಂಬ ಹಲ್ಲಿನ ಗುರುತು. ನಾವು ಕರೆದಾಗಲೆಲ್ಲ ಅವನು ಓ ಅನ್ನಲು ಒದ್ದಾಡಿ ಕಚ್ಚಿದ್ದಾನೆ, ಅವಳು ಕೈ ತೆಗೆದಿಲ್ಲ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಅವಳ ಕೈಗೆ ಪಟ್ಟಿ ಕಟ್ಟಿದ ಮೇಲೆ ಕೇಳಿದೆ, "ಯಾಕ ರತ್ನಾ, ನಾವು ಅಷ್ಟು ಕೂಗಿದ್ರೂ ಯಾಕ ಓ ಅನ್ಲಿಲ್ಲ?"

"ನೀವ ಹೇಳಿದ್ರಲ್ರಿ ಮೇಡಂ, ಸಿನಿಮಾದಾಗ. ಕಾಡ್ನ್ಯಾಗ ಯಾರ ಕರದ್ರೂ ಮುಖ ಕಾಣೋ ತನಕ ಓ ಅನ್ನಬಾರದು ಅಂತ ಅಕ್ಕ ತಮ್ಮನ ಬಾಯಿ ಮುಚ್ಚಿದ್ಲಲ್ರಿ. ರಾತ್ರಿ ಬ್ಯಾಟ್ರಿ ಬೆಳಕು ಕಾಣ್ತಿತ್ರಿ, ಮುಖ ಕಾಣ್ಲಿಲ್ಲ."

ಅಂಥ ಮಾತು ನಾನು ಹೇಳಿಯೇ ಇರಲಿಲ್ಲ. ಹಾಗೆಂದು ಅವಳಿಗೆ ಹೇಳುವ ಮೊದಲೇ ಅವಳು ಮುಂದುವರಿಸಿದಳು. "ಹೊತ್ತು ಮುಳುಗೋ ಮುಂಚೆ ಕ್ವಾರಿ ಕಡೆಯಿಂದ ನೀವು ಕರದ್ರಿ. ರತ್ನಾ, ಈ ಕಡೆ ದಾರಿ ಐತಿ, ತಮ್ಮನ್ನ ಕರ್ಕೊಂಡು ಬಾ ಅಂತ. ಕುರಿ ಹೋತ್ರಿ. ನಾವೂ ಹೊಂಟಿದ್ವಿ. ನಿಮ್ಮ ಮುಖ ಕಾಣ್ಲಿಲ್ಲ ಅಂತ ನಿಂತ್ವಿ."

ಹೊತ್ತು ಮುಳುಗುವಾಗ ನಾನು ರಾಯದುರ್ಗದಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದೆ. ಮಕ್ಕಳು ಕಾಣೆಯಾದ ಸುದ್ದಿಯೇ ನನಗೆ ಬಂದಿರಲಿಲ್ಲ. ಅವಳಿಗೂ ಅದನ್ನೇ ಹೇಳಿದೆ.

ಹೆದರಿದ ಮಗು ಏನೋ ಕಲ್ಪಿಸಿಕೊಂಡಿದೆ ಎಂದುಕೊಂಡೆ. ಆದರೂ ಮನೆಗೆ ಬಂದು ಆ ಸಿನಿಮಾವನ್ನು ಮೊದಲಿಂದ ಕಡೆಯವರೆಗೆ ನೋಡಿದೆ. ಅಂಥ ದೃಶ್ಯವೇ ಇಲ್ಲ. ಅಜ್ಜಿಯೋ ಯಾರೋ ಹೇಳಿಕೊಟ್ಟಿರಬೇಕೆಂದು ಅವಳ ಅಜ್ಜಿಯನ್ನು ಕೇಳಿದೆ. "ಮೂರು ಸಲ ಕರೆಯೋ ತನಕ ಓ ಅನ್ನಬ್ಯಾಡ ಅಂತಾರ ಟೀಚರಮ್ಮ. ಈ ಮುಖದ ಮಾತು ನಾನಂತೂ ಕೇಳಿಲ್ಲ," ಎಂದರು. ಕ್ಲಾಸಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದೆ. ಎಲ್ಲರೂ ಅದನ್ನೇ ಹೇಳಿದರು. ಕರೆಂಟು ಹೋದಾಗ ನಾನು ಬಾಗಿಲ ಹತ್ತಿರ ಕತ್ತಲಲ್ಲಿ ನಿಂತು ಕತೆ ಮುಂದುವರಿಸಿದೆನಂತೆ. ನಾನು ಆ ಹೊತ್ತೆಲ್ಲ ಕಟ್ಟೆಯ ಮೇಲಿದ್ದೆ ಎನ್ನುವುದಕ್ಕೆ ಪಕ್ಕದಲ್ಲಿ ಕೂತಿದ್ದ ಹೆಡ್ ಮಾಸ್ತರೇ ಸಾಕ್ಷಿ. ನನ್ನ ಜಗಳ ಕೇಳಿ ಅವರಿಗೆ ತಲೆನೋವು ಬಂದಿತ್ತು.

ಅಂದರೆ ನನ್ನ ದನಿಯಲ್ಲಿ ಯಾರೋ ಆ ಮಕ್ಕಳಿಗೆ ಓಗೊಡಬೇಡಿ ಎಂದು ಹೇಳಿಕೊಟ್ಟರು. ನನ್ನ ದನಿಯಲ್ಲೇ ಯಾರೋ ಅವರನ್ನು ನೀರಿನ ಕಡೆಗೆ ಕರೆದರು. ಎರಡೂ ಒಂದೆಯೋ ಬೇರೆ ಬೇರೆಯೋ ನನಗೆ ತಿಳಿಯದು. ಕಾಪಾಡಿದ ದನಿಗೂ ಮುಖ ಇರಲಿಲ್ಲ ಎನ್ನುವುದು ನೆನಪಾದಾಗಲೆಲ್ಲ ನನಗೆ ಭಯವಾಗುತ್ತದೆ. ಹೌದು, ಭಯವೇ.

ಮಾರುತಿ ಜ್ವರ ಬಿಟ್ಟ ಮೇಲೆ ಎಲ್ಲ ಮರೆತು ಆಡತೊಡಗಿದ. ರತ್ನ ಮಾತ್ರ ಒಳಗೊಳಗೇ ಸೊರಗಿದಳು. ಹಾಜರಿ ಕರೆಯುವಾಗ ಮುಂದಿನ ಮಕ್ಕಳನ್ನು ಸರಿಸಿ ನನ್ನ ಮುಖ ನೋಡಿದ ಮೇಲೇ ಬಾಯಿ ಬಿಡುತ್ತಿದ್ದಳು. ಮನೆಯಲ್ಲಿ ತಾಯಿ ಅಡಿಗೆಮನೆಯಿಂದ ಕರೆದರೂ ಹಾಗೇ ಅಂತೆ. "ಹೆತ್ತ ತಾಯಿಗೂ ಓ ಅನ್ನವಲ್ಲಳ್ರಿ," ಎಂದು ಆಕೆ ನನ್ನ ಮುಂದೆ ಅತ್ತಳು. ನನಗೆ ಬಹಳ ಸಂಕಟವಾಯಿತು. ಹುಡುಗಿಯನ್ನು ಹಗಲಲ್ಲಿ ಗುಡ್ಡದ ಬುಡಕ್ಕೆ ಕರೆದುಕೊಂಡು ಹೋಗಿ ಬಂಡೆಗೆ ಎದುರಾಗಿ ಅವಳ ಹೆಸರು ಕೂಗಿದೆ. ಬಂಡೆ ತಿರುಗಿ ಕೂಗಿತು. ನೋಡು, ಅವತ್ತು ಕೇಳಿದ್ದು ಇದೇ, ಮತ್ತೇನೂ ಇಲ್ಲ ಎಂದೆ.

"ಇದು ನೀವು ಕೂಗಿದ ಮ್ಯಾಲ ಬಂತು. ಅವತ್ತು ನೀವು ಇರಲೇ ಇಲ್ಲಲ್ರಿ," ಎಂದಳು. ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, "ಹೌದ್ರಿ ಮೇಡಂ, ಇದ ಇರಬೇಕು," ಎಂದಳು. ನನ್ನನ್ನು ನೋಯಿಸಬಾರದೆಂದು ಅಂದ ಮಾತು ಅದು. ಆದರೂ ದಿನ ಕಳೆದಂತೆ ಅವಳ ಹೆದರಿಕೆ ಕಡಿಮೆಯಾಯಿತು. ಮೇಡಂಗೆ ಹೆದರಿಕೆ ಇಲ್ಲ ಅಂದ ಮೇಲೆ ನನಗ್ಯಾಕೆ ಎಂದು ಗೆಳತಿಯರ ಮುಂದೆ ಹೇಳಿದಳಂತೆ. ತಲೆ ಬಗ್ಗಿಸಿ ಬರೆಯುತ್ತಲೇ "ಬಂದೀನ್ರಿ" ಎಂದು ಹಾಜರಿ ಹೇಳಿದ ದಿನ, ಅಂಥ ಸಂತೋಷವನ್ನು ನಾನು ಬೇರೆ ಯಾವುದರಲ್ಲೂ ಕಂಡಿಲ್ಲ.

ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಕೋಣೆಗೆ ಬೀಗ ಹಾಕುತ್ತಿದ್ದೆ. ಹಿಂದಿನಿಂದ "ಮೇಡಂ" ಎಂದು ರತ್ನಳ ದನಿ ಬಂತು. ನನ್ನ ಕೈ ಬೀಗದ ಮೇಲೇ ನಿಂತಿತು. ಓ ಎನ್ನಲು ನಾಲಿಗೆ ಏಳಲಿಲ್ಲ, ತಿರುಗಿ ನೋಡಲೂ ಆಗಲಿಲ್ಲ. "ಮೇಡಂ, ನಾನ್ರಿ," ಎಂದಿತು ದನಿ. ನಾನು ಬಾಗಿಲ ಕಡೆ ಮುಖ ಮಾಡಿ ನಿಂತೇ ಇದ್ದೆ. ಹೆಜ್ಜೆ ಸಪ್ಪಳವಾಯಿತು. ಹುಡುಗಿ ನನ್ನನ್ನು ಬಳಸಿ ಎದುರಿಗೆ ಬಂದು ನಿಂತಳು. ನಾನು ಕಟ್ಟೆಯ ಮೇಲೆ ಮರೆತಿದ್ದ ಊಟದ ಡಬ್ಬಿ ಅವಳ ಕೈಯಲ್ಲಿತ್ತು.

ಅದನ್ನು ಕೊಡದೆ ನನ್ನನ್ನೇ ನೋಡಿದಳು. "ನಿಮ್ಮನ್ನೂ ಕರೀತದೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಇಲ್ಲ ಎಂದು ಹೇಳಬೇಕಿತ್ತು. ಡಬ್ಬಿ ತೆಗೆದುಕೊಂಡು ಬೀಗ ಹಾಕಿದೆ. ಮರುದಿನ ಹಾಜರಿ ಕರೆದಾಗ ಅವಳು ತಲೆ ಎತ್ತಿ ನನ್ನ ಮುಖ ನೋಡಿ, ಆಮೇಲೆ ಓಗೊಟ್ಟಳು. ಹೈಸ್ಕೂಲಿಗೆ ಹೋಗುವ ತನಕವೂ ಹಾಗೇ ಮಾಡಿದಳು. ಹಾಗೆ ಮಾಡಬೇಡ ಎಂದು ಅವಳಿಗೆ ಹೇಳುವ ಧೈರ್ಯ ನನಗೆ ಬರಲೇ ಇಲ್ಲ.