ಕಪ್ಪು ಕುಳಿಯೂ ತೊಗರಿಯ ದರವೂ

ತೊಗರಿ ಮಾರಲು ತಾಂಡೂರಿಗೆ ಹೊರಟಿದ್ದೆ. ಹೈದರಾಬಾದಿನ ದರ ಕೇಳೋಣವೆಂದು ರೈಲಿನಲ್ಲಿ ಟ್ರಾನ್ಸಿಸ್ಟರ್ ಕಿವಿಗೆ ಹಿಡಿದರೆ ಬರೀ ಕರಕರ.

“ರೇಡಿಯೊ ಅಲೆ ಆಕಾಶದಾಗಿನ ಕಪ್ಪು ಕುಳಿ ಕಡಿಂದನೂ ಬರ್ತಾವರಿ ಸಾವಕಾರ್ರೇ,” ಎಂದರು ಎದುರಿಗಿದ್ದ ಕಾಲೇಜು ಮಾಸ್ತರರು.

“ಅದು ಎಲ್ಲಾ ನುಂಗತದಂತಲ್ರಿ?”

“ನುಂಗಿದ್ದು ಬರಂಗಿಲ್ಲ. ಬಾಯಿ ಸುತ್ತ ತಿರಗೋದ್ರಾಗ ಒಂದಿಷ್ಟು ಒಳಗ ಬೀಳದೆ ಕಾರಂಜಿ ಹಂಗ ಹೊರಗ ಚಿಮ್ಮತದ. ಆ ಕಾರಂಜಿಯಿಂದ ಹೊಂಟ ಅಲೆ ಇಲ್ಲಿಗೆ ಮುಟ್ಟಾಕ ಲಕ್ಷಗಟ್ಟಲೆ ವರ್ಷ ಬೇಕು.”

“ನನಗ ಇವತ್ತಿನ ಸುದ್ದಿ ಬೇಕಾಗ್ಯದರಿ!” ಎಂದೆ. ಅಷ್ಟರಲ್ಲಿ ರೇಡಿಯೊದಲ್ಲಿ ದರ ಓದಿ ಮುಗಿದೇಹೋಗಿತ್ತು.

ತಾಂಡೂರಿನಲ್ಲಿ ಖರೀದಿದಾರ ಟವೆಲ್ಲಿನ ಕೆಳಗೆ ನನ್ನ ಕೈ ಹಿಡಿದ. ದರವನ್ನು ಬಾಯಿಬಿಟ್ಟು ಹೇಳದೆ ಬೆರಳು ಹಿಡಿದೇ ತಿಳಿಸುವುದು ನಮ್ಮ ರೂಢಿ. ಆತ ಮೆಲ್ಲಗೆ, “ಹೈದರಾಬಾದಿನ್ಯಾಗ ಏನು ನಡದದರಿ?” ಎಂದು ಕೇಳಿದ.

ಅವನಿಗೂ ಗೊತ್ತಿಲ್ಲ! ನಾನು ಧೈರ್ಯವಾಗಿ ಒಂದು ಬೆರಳು ಹೆಚ್ಚೇ ಹಿಡಿದೆ.