ಗುಜರಿಗೆ ಹೋದ ತಗಡು

ಗಾಳಿ ಬಂದದ್ದು ಸಂಜೆ, ಒಲೆ ಹೊತ್ತಿಸುವ ಹೊತ್ತಿಗೆ. ಹೊಲದ ಕಡೆಯಿಂದ ಸುತ್ತಿಕೊಂಡು ಬಂದು ಸುರಪುರದಲ್ಲಿ ನಮ್ಮ ಓಣಿಯೊಂದನ್ನೇ ಹಿಡಿದು ಹೋಯಿತು. ಕಲ್ಲು ಹಾಸಿದ ಮಾಳಿಗೆಗಳು ಉಳಿದವು. ನಮ್ಮದು ತಗಡಿನ ಮನೆ, ಆರರಲ್ಲಿ ಒಂದು ತಗಡೂ ಮೇಲೆ ಉಳಿಯಲಿಲ್ಲ. ಮಗ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಶಹಾಪುರಕ್ಕೆ ಹೋಗಿದ್ದ. ನಾನೂ ಸೊಸೆಯೂ ಜೋಳದ ಚೀಲದ ಸಂದಿಯಲ್ಲಿ ಕುಳಿತು ಬದುಕಿದೆವು.

ಬೆಳಿಗ್ಗೆ ಎದ್ದು ಬಾರಿಗೆ ಹಿಡಿದು ಕಸ ಹೊಡೆದೆ. ನಮ್ಮಲ್ಲಿ ಹೆಣ ಒಳಗಿದ್ದಾಗ ಮಾತ್ರ ಅಂಗಳ ಗುಡಿಸುವುದಿಲ್ಲ. ಯಾರೂ ಸತ್ತಿರಲಿಲ್ಲ, ಗುಡಿಸಿದೆ. ಮಣ್ಣು, ಮುರಿದ ಜಂತಿ ಎಲ್ಲ ತಿಪ್ಪೆಗೆ ಹಾಕಿ, ಸಗಣಿ ಸಾರಿಸಿ, ಎರಡು ಗೆರೆ ರಂಗೋಲಿ ಎಳೆದೆ. ಮುದುಡಿದ ತಗಡು ದಾರಿಗೆ ಅಡ್ಡ ಬಿದ್ದಿದ್ದವು. ಗುಜರಿಯವನ ಗಾಡಿ ಬಂತು, ಹೇರಿ ಕಳಿಸಿದೆ. ಬದಲಿಗೆ ಒಂದು ಪ್ಲಾಸ್ಟಿಕ್ ಬುಟ್ಟಿ ಕೊಟ್ಟ.

ಮೂರನೆಯ ದಿನ ಬಿದ್ದ ಮನೆಗಳ ಪಂಚನಾಮೆಗೆ ತಹಶೀಲ ಕಚೇರಿಯ ಕಾರಕೂನ ಬಂದ. ಅವನು ಫೋಟೋ ಹೊಡೆದು ಬರೆದುಕೊಂಡ ಮನೆಗೆ ಸರ್ಕಾರದಿಂದ ಹೊಸ ತಗಡು ಸಿಗುತ್ತಿತ್ತು. ಮಳೆ ದೂರವಿರಲಿಲ್ಲ. ಸೊಸೆಗೆ ಎಂಟು ತಿಂಗಳು ತುಂಬಿತ್ತು.

“ಇಲ್ಲೇನು ಬಿದ್ದದ ಯವ್ವಾ? ಹಬ್ಬದ ಮನಿ ಹಂಗ ಇಟ್ಟೀಯಲ್ಲ.”

“ಮ್ಯಾಲ ನೋಡ್ರಿ ಸಾಹೇಬ್ರ, ಆಕಾಶ ಕಾಣಾಕತ್ತದ.”

“ಆಕಾಶದ ಫೋಟೋ ಹೊಡದ್ರ ಯಾರ ಮನಿದರೇ ಆಗ್ತದ. ಬಿದ್ದ ತಗಡು ಮನಿ ಮುಂದ ಕಾಣಬೇಕು. ಎಲ್ಲಿ ಅವ?”

“ಗುಜರಿಗಿ ಹಾಕೀನ್ರಿ.”

“ಹೋಗಿ ತಗೊಂಡು ಬಾ. ಮಧ್ಯಾಹ್ನದ ತನಕಾ ಈ ಓಣ್ಯಾಗ ಇರ್ತೀನಿ.”

ಸೊಸೆ ಹೊಸ್ತಿಲ ಮೇಲೆ ಕುಳಿತಿದ್ದಳು. “ನಾ ಅವತ್ತೇ ಅಂದಿದ್ದೆ ಅತ್ತಿ, ಇರ್ಲಿ ಬಿಡ್ರಿ ಅಂತ. ನಿಮ್ಮ ಕೈಗಿ ಬಾರಿಗಿ ಸಿಕ್ರ ಮುಗೀತು.”

ಅವಳು ಅಂದದ್ದು ಖರೆ.

ಗುಜರಿ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದೆ. ರಾಶಿಯಲ್ಲಿ ನನ್ನ ತಗಡು ಗುರುತು ಹಿಡಿದೆ. ಒಲೆಯ ಮೇಲಿದ್ದದ್ದು ಹೊಗೆ ಕುಡಿದು ಕರಿಯಾಗಿತ್ತು, ಇನ್ನೊಂದರ ತೂತಿಗೆ ನಾನೇ ಡಾಂಬರು ಮೆತ್ತಿದ್ದೆ.

“ಇವೆರಡು ಕೊಡೋ, ಫೋಟೋ ಹೊಡಸಬೇಕು.”

“ನನ್ನ ಬುಟ್ಟಿ ತಂದೀಯೇನ್ ಆಯಿ?”

“ಬುಟ್ಟ್ಯಾಗ ಜ್ವಾಳ ಹಾಕೀನಿ. ಲಗೂನ ಕೊಡು.”

ನಕ್ಕು ಎತ್ತಿ ಹೊರಿಸಿದ. ತಲೆಗೆ ಬಟ್ಟೆಯ ಸಿಂಬಿ ಇತ್ತು, ಹಿಡಿದ ಬೆರಳನ್ನು ಅಂಚು ಕೊಯ್ದಿತು. ದಾರಿಯಲ್ಲಿ ಎರಡು ಸಲ ಇಳಿಸಿದೆ, ಎರಡು ಸಲ ಯಾರೋ ಎತ್ತಿಕೊಟ್ಟರು.

ಸಾರಿಸಿದ ಅಂಗಳದಲ್ಲಿ ತಗಡು ಒಗೆದೆ. ಸಾಲದು ಅನಿಸಿತು. ತಿಪ್ಪೆಯಿಂದ ಜಂತಿ ಎಳೆದು ತಂದೆ, ಅದೇ ಮಣ್ಣನ್ನು ಎರಡು ಬುಟ್ಟಿ ತುಂಬಿ ರಂಗೋಲಿಯ ಮೇಲೆ ಸುರಿದೆ. ಕಾರಕೂನ ಬಂದ.

“ಈಗ ಬಿದ್ದಂಗ ಕಾಣ್ತದ ನೋಡು. ಬಾಜೂಕ ನಿಂದ್ರು.”

ನಿಂತೆ. ಹೊಡೆದ, ಬರೆದುಕೊಂಡ, ಮುಂದಿನ ಮನೆಗೆ ಹೋದ.

ಕಟ್ಟೆಯ ಮೇಲೆ ಕುಳಿತೆ. ಏಳುವ ತ್ರಾಣ ಇರಲಿಲ್ಲ. ಆದರೂ ಕೈ ಬಾರಿಗೆಯ ಕಡೆ ಹೋಯಿತು. ಸೊಸೆ ಅದನ್ನು ಎಳೆದು ಬೆನ್ನ ಹಿಂದೆ ಇಟ್ಟುಕೊಂಡಳು.

“ತಗಡು ಬರೋ ತನಕಾ ಕಸ ಇರ್ಲಿ.”

ಕಸ ಹನ್ನೊಂದು ದಿನ ಇತ್ತು. ತಗಡು ಬಂದು ಮನೆಯ ಮೇಲೇರಿದ ಮರುದಿನ ಮಳೆ ಹಿಡಿಯಿತು. ಅಂಗಳದ ಮಣ್ಣೆಲ್ಲ ಕೆಸರಾಯಿತು, ನನಗೆ ಗುಡಿಸಲು ಏನೂ ಉಳಿಯಲಿಲ್ಲ.