ಸಣ್ಣವ್ವನ ಪರದೆಗೆ ಎರಡು ಬಟನ್

ಕಳೆದ ಭಾನುವಾರ ತಾಂಡೂರಿನಲ್ಲಿ, ನನ್ನ ಸಣ್ಣವ್ವನ ಪಡಸಾಲೆಯಲ್ಲಿ, ಚಹಾ ಕುಡಿಯುತ್ತಿದ್ದ ನೆಂಟರ ಎದುರಿಗೇ ನನ್ನ ಸರ್ಕ್ಯೂಟ್ ಹೊಗೆಯಾಡಿತು. ಕಟ್ಟಿದವಳು ನಾನು, ಒಪ್ಪಿದೆ. ಸುಟ್ಟವಳು ಖಂಡಿತ ನಾನಲ್ಲ.

ಮೊದಲಿಂದ ಹೇಳುತ್ತೇನೆ. ಸಣ್ಣವ್ವ ಎಂದರೆ ನನ್ನ ತಾಯಿಯ ತಂಗಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ. ಆಪರೇಷನ್ ಆಗಿದೆ, ಎದ್ದು ಓಡಾಡಲು ಇನ್ನೂ ಟೈಮ್ ಬೇಕು. ಒಳಕೋಣೆಯಲ್ಲಿ ಗಾಳಿ ಇಲ್ಲವೆಂದು ಮಗ ಬಸು ಅವಳ ಮಂಚವನ್ನು ಪಡಸಾಲೆಗೇ ತಂದು ಹಾಕಿದ್ದಾನೆ. ಅಡ್ಡಕ್ಕೊಂದು ಪರದೆ ಕಟ್ಟಿದ್ದಾನೆ.

ನಮ್ಮ ಕಡೆಯ ಪದ್ಧತಿ ಗೊತ್ತಲ್ಲ? ಯಾರಾದರೂ ಹಾಸಿಗೆ ಹಿಡಿದರೆ ‘ನೋಡಾಕ’ ಹೋಗಲೇಬೇಕು. ಕೊಹೀರಿನಿಂದ ಬಂದರು, ಕಂಗ್ಟಿಯಿಂದ ಬಂದರು. ಕೈಯಲ್ಲಿ ಬಾಳೆಹಣ್ಣು, ಬಿಸ್ಕಿಟ್ ಪೊಟ್ಟಣ. ಬಾಯಲ್ಲಿ ಒಂದೇ ಪ್ರಶ್ನೆ: ‘ಹ್ಯಾಂಗ ಬಿದ್ರಿ?’ ಸಣ್ಣವ್ವ ಬಚ್ಚಲಲ್ಲಿ ಬಿದ್ದದ್ದು ಒಂದೇ ಸಲ. ಆಮೇಲೆ ಬಂದವರಿಗೆಲ್ಲ ಹೇಳುತ್ತ ಹೇಳುತ್ತ ದಿನಾ ಬೀಳುತ್ತಿದ್ದಳು.

ಸಾಕಾಗಿ ನನಗೆ ಫೋನ್ ಮಾಡಿದಳು. ‘ಯವ್ವಾ, ನೀ ಕಾಲೇಜಿನ್ಯಾಗ ಕರೆಂಟಿನ ಪಾಠ ಮಾಡ್ತಿ. ಮಲಕೊಂಡಲ್ಲೇ ಪರದಿ ಎಳಕೊಳ್ಳಾಕ ಏನರೆ ಮಾಡಿಕೊಡು. ಮಂದಿ ಮುಂದ ಬಸೂನ್ನ ಕರದು ಪರದಿ ಮುಚ್ಚಪಾ ಅಂತ ಹ್ಯಾಂಗ ಹೇಳ್ಲಿ?’

ನಾನು ಜಹೀರಾಬಾದಿನಲ್ಲಿ ಫಿಸಿಕ್ಸ್ ಲೆಕ್ಚರರ್. ಸಣ್ಣ ಮೋಟಾರ್, ದಾರ, ರಾಟೆ. ಇದೇನು ಮಹಾ? ಡಿ.ಸಿ. ಮೋಟಾರಿನಲ್ಲಿ ಕರೆಂಟ್ ಈ ಕಡೆಯಿಂದ ಹರಿದರೆ ಬಲಕ್ಕೆ ತಿರುಗುತ್ತದೆ, ಆ ಕಡೆಯಿಂದ ಹರಿದರೆ ಎಡಕ್ಕೆ. ದಿಕ್ಕು ಬದಲಿಸಲು ನಾಲ್ಕು ಟ್ರಾನ್ಸಿಸ್ಟರ್ ಸಾಕು. ನಾಲ್ಕು ಬಾಗಿಲ ಮನೆ ಅಂದುಕೊಳ್ಳಿ. ಒಂದು ಬಟನ್ ಒತ್ತಿದರೆ ಒಂದು ಜೋಡಿ ಬಾಗಿಲು ತೆರೆದು ಪರದೆ ಮುಚ್ಚುತ್ತದೆ. ಇನ್ನೊಂದು ಬಟನ್ ಒತ್ತಿದರೆ ಇನ್ನೊಂದು ಜೋಡಿ ತೆರೆದು ಪರದೆ ಸರಿಯುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿದರೆ? ಕರೆಂಟ್ ಮೋಟಾರಿನ ಗೊಡವೆಗೇ ಹೋಗದೆ ನೇರ ನುಗ್ಗುತ್ತದೆ, ಟ್ರಾನ್ಸಿಸ್ಟರ್ ಸುಡುತ್ತವೆ. ಆದರೆ ಮಲಗಿದ ಒಬ್ಬ ಹೆಂಗಸು ಎರಡನ್ನೂ ಒಟ್ಟಿಗೆ ಯಾಕೆ ಒತ್ತುತ್ತಾಳೆ?

ಕಟ್ಟಿಕೊಟ್ಟು ಬಂದೆ. ನಾನು ಇತ್ತ ಬರುತ್ತಲೇ ಬಸು ವೈರ್ ಉದ್ದ ಮಾಡಿ, ತೆರೆಯುವ ಬಟನ್ನನ್ನು ತನ್ನ ಕುರ್ಚಿಯ ಹತ್ತಿರ ಇಟ್ಟುಕೊಂಡಿದ್ದ. ಕೆಟ್ಟವನಲ್ಲ, ಪಾಪ. ಮನೆಗೆ ಬಂದವರಿಗೆ ಬೇಜಾರಾಗಬಾರದು, ಅಷ್ಟೇ ಅವನ ಚಿಂತೆ.

ಭಾನುವಾರ ನಾನೂ ಅಲ್ಲಿದ್ದೆ. ನಾರಾಯಣಖೇಡದಿಂದ ದೂರದ ಮಾವನೊಬ್ಬ ಸಂಸಾರ ಸಮೇತ ಬಂದ. ಕೂತವನೇ, ಸೊಂಟ ಮುರಿದು ಮತ್ತೆ ಏಳಲೇ ಇಲ್ಲದ ಯಾರದೋ ಕತೆ ಶುರುಮಾಡಿದ. (ರೋಗಿಯ ಮುಂದೆ ಇಂಥ ಕತೆ ಹೇಳಲು ನಮ್ಮವರಿಗೆ ಯಾರು ಟ್ರೇನಿಂಗ್ ಕೊಡುತ್ತಾರೋ.) ಸಣ್ಣವ್ವನ ಮುಖ ಬಿಳಿಚಿಕೊಂಡಿತು. ಮುಚ್ಚುವ ಬಟನ್ ಒತ್ತಿದಳು. ಪರದೆ ಅರ್ಧ ಬರುವಷ್ಟರಲ್ಲಿ ಬಸು ತನ್ನ ಬಟನ್ ಒತ್ತಿದ. ಇಬ್ಬರೂ ಬೆರಳು ತೆಗೆಯಲಿಲ್ಲ.

‘ಏನೋ ಸುಟ್ಟ ವಾಸ್ನಿ ಬರ್ಲಾಕತ್ತದಲ್ರಿ,’ ಅಂದ ಮಾವ, ಚಹಾ ಕುಡಿಯುತ್ತಲೇ.

ನೆಂಟರು ಹೋದರು. ಬ್ಯಾಗಿನಲ್ಲಿದ್ದ ಹೊಸ ಟ್ರಾನ್ಸಿಸ್ಟರ್ ಹಾಕುತ್ತ ನಾನಂದೆ, ‘ಈ ಸಲ ಇಬ್ಬರೂ ಒಟ್ಟಿಗೆ ಒತ್ತಿದರೂ ಏನೂ ಸುಡದಂಗ ಮಾಡ್ತೀನಿ. ಪರದಿ ಎಲ್ಲಿ ಅದನೋ ಅಲ್ಲೇ ನಿಂದರ್ತದ.’ ಎಷ್ಟು ಜಾಣೆ ನಾನು!

‘ಅಂದ್ರ ಅವ ಒತ್ತಿದರ ನಂದು ನಡಿಯಂಗಿಲ್ಲ,’ ಅಂದಳು ಸಣ್ಣವ್ವ. ‘ಬಟನ್ ಇಲ್ದಾಗೂ ಹಂಗೇ ಇತ್ತಲ್ಲ ಯವ್ವಾ.’

ಬಸು ಗೊಣಗಿದ, ‘ಅಷ್ಟು ದೂರದಿಂದ ಬರ್ತಾರಕ್ಕಾ. ಮಾರಿ ಮ್ಯಾಲ ಪರದಿ ಎಳದ್ರ ಮಂದಿ ಏನಂತಾರ?’

‘ಏನರೆ ಅನ್ಲಿ. ಮುರದದ್ದು ನನ್ನ ಟೊಂಕ.’

‘ಇನ್ನು ಸಾಕು, ಹೋಗಿ’ ಎಂದು ಹೇಳಲಾರದ ಹೆಂಗಸು ಒಂದು ಬಟನ್ ಕೇಳಿದ್ದಳು. ಅದರಲ್ಲೂ ನಾವು ಪಾಲು ಕೇಳಿದ್ದೆವು.

ಬಸುವಿನ ವೈರ್ ಕತ್ತರಿಸಿದೆ. ಎರಡೂ ಬಟನ್ ಅವಳ ದಿಂಬಿನ ಪಕ್ಕಕ್ಕೆ ಬಂದವು. ಬಸು ಮುಖ ಊದಿಸಿಕೊಂಡ. ಆದರೆ ಸ್ಕ್ರೂ ಬಿಗಿದುಕೊಟ್ಟವನೂ ಅವನೇ.

ಕೆಲಸ ಮುಗಿದ ಖುಷಿಗೆ ನಾನು ಮಂಚದ ಎದುರು ಕುರ್ಚಿ ಹಾಕಿಕೊಂಡೆ. ಯಾವ ಎಕ್ಸರ್‌ಸೈಜ್ ಮಾಡಬೇಕು, ಯಾವ ಡಾಕ್ಟರಿಗೆ ತೋರಿಸಬೇಕು, ಹಾಲು ಎಷ್ಟು ಕುಡಿಯಬೇಕು ಅಂತ ಶುರುಹಚ್ಚಿಕೊಂಡೆ. ಮೋಟಾರ್ ಗುಂಯ್ ಅಂದಿತು. ಪರದೆ ನನ್ನ ಮೂಗಿನ ಮುಂದೆಯೇ ಹಾದುಹೋಯಿತು.

ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ? ಕಟ್ಟಿಕೊಟ್ಟವಳನ್ನೇ ಹೊರಗಿಟ್ಟಳಲ್ಲ! ಸ್ವಲ್ಪ ಹೊತ್ತಿಗೆ ಒಳಗಿಂದ ಸಣ್ಣ ಗೊರಕೆ ಕೇಳಿಸಿತು. ಬಿದ್ದಾಗಿನಿಂದ ಅವ್ವ ಹಗಲು ಹೊತ್ತು ಕಣ್ಣು ಮುಚ್ಚಿದ್ದು ಇದೇ ಮೊದಲು ಅಂದ ಬಸು, ಪಿಸುದನಿಯಲ್ಲಿ.

ಅಂದಹಾಗೆ, ಯಾರನ್ನಾದರೂ ನೋಡಲು ಹೋದಾಗ ನೀವು ಎಷ್ಟು ಹೊತ್ತು ಕೂರುತ್ತೀರಿ?